ಹಾಡು ಕಳ್ಸಿದ್ನಲ್ಲ, ಕೇಳಿದ್ಯೇನಪ್ಪಾ?

ಸಾಲ ಕೊಟ್ಟವನ ಕೈಗೆ ಸಿಗದೆ ಓಡಾಡಬಹುದು. ನಮ್ಮ ರೊದ್ದಂನಲ್ಲಿ ಅದು ಇನ್ನೂ ಸುಲಭ. ಪೆನುಕೊಂಡದ ದಾರಿ ಬಿಟ್ಟು ಪಾವಗಡದ ಕಡೆ ಹೊರಟರೆ ರಾಜ್ಯವೇ ಬದಲಾಗಿಬಿಡುತ್ತದೆ. ಹಾಡು ಕೊಟ್ಟವನಿಂದ ತಪ್ಪಿಸಿಕೊಳ್ಳುವುದು ಮಾತ್ರ ಯಾವ ಗಡಿ ದಾಟಿದರೂ ಆಗದು. ಅವನಿಗೆ ಅಸಲು ಬೇಡ, ಬಡ್ಡಿಯೂ ಬೇಡ. "ಕಳ್ಸಿದ್ನಲ್ಲ, ಕೇಳಿದ್ಯಾ?" ಅಷ್ಟೇ. ಕೇಳಿದೆ ಅಂದಿರೋ, ಸಿಕ್ಕಿಬಿದ್ದಿರಿ. "ಎಷ್ಟನೇದು ಹಿಡಿಸ್ತು?" ಎಂಬ ಮೌಖಿಕ ಪರೀಕ್ಷೆ ಶುರು. ಇನ್ನೂ ಇಲ್ಲ ಅಂದರೆ ಅಲ್ಲೇ, ಬಸ್ ಸ್ಟ್ಯಾಂಡಿನಲ್ಲೇ, ಕಡ್ಲೆಕಾಯಿ ಮಾರುವವರ ಕೂಗಿನ ನಡುವೆಯೇ ಮೊಬೈಲು ತೆಗೆದು ನಿಮ್ಮ ಕಿವಿಗೆ ಹಿಡಿಯುತ್ತಾನೆ. ಅರ್ಧ ಹಾಡಾದರೂ ನೀವು ತಲೆದೂಗದಿದ್ದರೆ, "ಈಗ ಬರುತ್ತೆ ನೋಡು, ಈಗ ಬರುತ್ತೆ" ಅಂತ ಭುಜ ಬೇರೆ ಹಿಡಿದುಕೊಳ್ಳುತ್ತಾನೆ. ಏನು ಬರಬೇಕಿತ್ತು ಅನ್ನೋದು ಹಾಡು ಮುಗಿದ ಮೇಲೂ ತಿಳಿಯುವುದಿಲ್ಲ.

ನಮ್ಮ ಬ್ಯಾಚಿನಲ್ಲಿ ಈ ಕಾಯಿಲೆ ಜೋರಾಗಿ ಹಿಡಿದಿರುವುದು ಬೆಂಗಳೂರು ಸೇರಿದ ಒಬ್ಬ ಗೆಳೆಯನಿಗೆ. ನಮ್ಮಂತೆಯೇ ತೆಲುಗು ಮೀಡಿಯಂನಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡಿ, ಎರಡರಲ್ಲೂ ತಪ್ಪು ಮಾಡುತ್ತಾ ಬೆಳೆದವನು. ಈಗ ಶನಿವಾರ ಸಂಜೆ ಇಂದಿರಾನಗರದ ಕಡೆ ಎಲ್ಲೋ ಕತ್ತಲೆಯಲ್ಲಿ ನಿಂತು ಬ್ಯಾಂಡು ಕೇಳುತ್ತಾನೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪಿಗೆ ಲಿಂಕು ಬೀಳುತ್ತದೆ. ಈ ಗುಂಪಿನಲ್ಲಿ ಉಳಿದ ದಿನ ಏನಿರುತ್ತದೆ? ಹಿಂದೂಪುರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ರೇಟು, ಯಾರದೋ ಗೃಹಪ್ರವೇಶ, ಪೆನ್ನೇರಿಗೆ ಒಂದಿಷ್ಟು ನೀರು ಬಂದರೆ ಅದರ ಹತ್ತಾರು ವಿಡಿಯೊ. ಅದರ ನಡುವೆ ಇದೊಂದು: "ಇತ್ತೀಚೆಗೆ ನಾನು ಕಂಡುಹಿಡಿದ ಇಂಡಿ ಹಾಡುಗಳು. ರಾತ್ರಿ ಕೇಳಿ. ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಲೈಟ್ ಆರಿಸಿ ಕೇಳಿ." ಇಂಡಿ ಅಂದರೆ ದೊಡ್ಡ ಕಂಪೆನಿಯ ಹಂಗಿಲ್ಲದೆ ತಮ್ಮಷ್ಟಕ್ಕೆ ಮಾಡಿ ಬಿಟ್ಟ ಹಾಡಂತೆ. ಲೈಟು ಆರಿಸುವ ಕೆಲಸ ನಮ್ಮ ಕಡೆ ನಮಗೆ ಬಿಟ್ಟಿದ್ದಲ್ಲ, ಅದು ಬೇರೆ ಮಾತು.

ಹೋದ ಸಲದ ಪಟ್ಟಿಯಲ್ಲಿ 43 ಹಾಡಿದ್ದವು. ಪೂರ್ತಿ ಕೇಳಿದರೆ ಎರಡೂಮುಕ್ಕಾಲು ಗಂಟೆ. ಲಿಂಕು ಬಿದ್ದ ಒಂದು ನಿಮಿಷದೊಳಗೆ ಹನ್ನೊಂದು ಹೆಬ್ಬೆರಳು, ಎರಡು ಬೆಂಕಿ, ಒಂದು "ಸೂಪರ್ ರಾ". ಆ "ಸೂಪರ್ ರಾ" ಅಂದವನ ಮೊಬೈಲಿನಲ್ಲಿ ಅವತ್ತು ಡೇಟಾ ಮುಗಿದಿತ್ತು ಅಂತ ಅವನೇ ಸಂಜೆ ಟೀ ಅಂಗಡಿಯಲ್ಲಿ ಹೇಳಿದ.

ಅವನ "ಕಂಡುಹಿಡಿದ" ಅನ್ನುವ ಮಾತನ್ನು ಒಂದಿಷ್ಟು ನೋಡೋಣ. ಪಟ್ಟಿಯ ಮೊದಲ ಹಾಡೇ ಸ್ವರಾತ್ಮದ್ದು. ವಸು ದೀಕ್ಷಿತ್ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ವೇದಿಕೆ ತುಂಬ ಕುಣಿಯುವ ಬೆಂಗಳೂರಿನ ಬ್ಯಾಂಡು. ಅವರ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಇವನು ಕಂಡುಹಿಡಿದದ್ದು ಹೋದ ತಿಂಗಳು. ಎರಡನೆಯದು ವಸುವಿನ ಅಣ್ಣ ರಘು ದೀಕ್ಷಿತರದು. ಅವರ ಮೊದಲ ಆಲ್ಬಂ 2008ರದು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿ ಇಂಗ್ಲೆಂಡಿನವರಿಗೂ ಗೊತ್ತಾದ ಮನುಷ್ಯ. ಲಂಡನ್ನಿಗೆ ತಿಳಿದು, ರೊದ್ದಂಗೆ ತಿಳಿದು, ಎಲ್ಲರಿಗೂ ತಿಳಿದ ಮೇಲೆ ನಮ್ಮವನು ಕಂಡುಹಿಡಿದ. ಅದನ್ನು ಅವನಿಗೆ ಹೇಳಿದರೆ, "ನೀವು ಕೇಳಿರಬಹುದು ಮಾಮ, ಆದ್ರೆ ಸರಿಯಾಗಿ ಕೇಳಿಲ್ಲ" ಅಂದ. ಇದಕ್ಕೆ ಉತ್ತರ ಎಲ್ಲಿಂದ ತರೋದು?

ಗುಂಪಿನಲ್ಲಿ ಆ ಪಟ್ಟಿಯನ್ನು ನಿಜವಾಗಿ ಹಚ್ಚಿ ಕೇಳಿದವನು ಒಬ್ಬನೇ, ರೇಷ್ಮೆ ಸಾಕುವ ನಮ್ಮ ಭಾವ. ಅವನ ಹುಳ ಆಗಷ್ಟೇ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿತ್ತು. ಆ ಹಂತದಲ್ಲಿ ಹುಳಕ್ಕೆ ಹಗಲು ರಾತ್ರಿ ಸೊಪ್ಪು ಬೇಕು; ಲೈಟು ಆರಿಸಿ ಹೆಡ್‌ಫೋನ್ ಹಾಕಿಕೊಂಡು ಮಲಗಲು ಪುರುಸೊತ್ತೆಲ್ಲಿ? ಹುಳದ ಮನೆಯಲ್ಲೇ ಮೊಬೈಲನ್ನು ತಟ್ಟೆಗೆ ಒರಗಿಸಿ ಹಾಡು ಹಚ್ಚಿದ್ದಾನೆ. ಬಂದದ್ದು ಲೋ-ಫೈ ಅಂತೆ. ಮಳೆಯ ಸದ್ದು, ಅದರ ಹಿಂದೆ ಯಾರೋ ನಿದ್ದೆಗಣ್ಣಿನಲ್ಲಿ ಪಿಯಾನೊ ಮುಟ್ಟುತ್ತಿದ್ದಾರೆ. ಭಾವ ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿದ. "ಮಳೆ ಸದ್ದಿಗೆ ಬೆಂಗಳೂರಿಂದ ಹಾಡು ತರಿಸ್ಬೇಕಾ? ಬಾ ಇಲ್ಲಿ, ನನ್ನ ಹುಳ ಸೊಪ್ಪು ಮೇಯೋದು ಕೇಳು" ಅಂತ ಅದನ್ನೇ ವಾಯ್ಸ್ ನೋಟು ಮಾಡಿ ಗುಂಪಿಗೆ ಹಾಕಿದ. ಕೇಳಿದವರಿಗೆ ಗೊತ್ತಿದೆ, ಕೊನೆಯ ಹಂತದಲ್ಲಿ ಸಾವಿರಾರು ಹುಳ ಒಟ್ಟಿಗೆ ಹಿಪ್ಪುನೇರಳೆ ಎಲೆ ಮೆಲ್ಲುವ ಸದ್ದು ಶೀಟಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂತೆಯೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ಬೆಂಗಳೂರಿನಿಂದ ಉತ್ತರ ಬಂತು: "ಅಣ್ಣಾ, ಯಾರಿದು ಆರ್ಟಿಸ್ಟ್? ಅದ್ಭುತ!"

ಅವತ್ತಿನಿಂದ ನಮ್ಮಲ್ಲಿ ಭಾವನಿಗೆ "ಆರ್ಟಿಸ್ಟು" ಅಂತಲೇ ಹೆಸರು. ಗೂಡಿಗೆ ಒಳ್ಳೆ ರೇಟು ಸಿಕ್ಕ ದಿನ ಆರ್ಟಿಸ್ಟಿಗೆ ಪೇಮೆಂಟು ಬಂತು ಅನ್ನುತ್ತೇವೆ.

ಇನ್ನು ನನ್ನ ಅಕ್ಕನ ಮಗ. ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ 2019ರಲ್ಲಿ ಶುರುವಾದ ಕಿಯಾ ಕಾರಿನ ಕಾರ್ಖಾನೆಯಲ್ಲಿ ಅವನಿಗೆ ಶಿಫ್ಟು. ಆ ಕಾರ್ಖಾನೆ ಬಂದ ಮೇಲೆ ಹೈವೇ ಪಕ್ಕ ಕೊರಿಯನ್ ಅಕ್ಷರದ ಬೋರ್ಡುಗಳು ಎದ್ದವು. ತೆಲುಗು, ಕನ್ನಡದ ಜಗಳ ಇನ್ನೂ ಮುಗಿಯದ ಜಾಗಕ್ಕೆ ಮೂರನೆಯವರು ಬಂದು ಕೂತರು. ಹುಡುಗ ಮೊದಲು ಕೆ-ಪಾಪ್ ಅಂತ ಕುಣಿದ. ಈಗ ಅದೂ ಹಳೆಯದಾಗಿ, ಸೋಲ್ ನಗರದ ಹಾಂಗ್ಡೆ ಅನ್ನುವ ಕಾಲೇಜು ಕೇರಿಯ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹಾಡುವ ಬ್ಯಾಂಡುಗಳ ಹಿಂದೆ ಬಿದ್ದಿದ್ದಾನೆ. "ಅವೇ ನಿಜವಾದ ಇಂಡಿ ಮಾಮ, ಕೆ-ಪಾಪ್ ಎಲ್ಲ ಕಂಪೆನಿ ಮಾಲು" ಅನ್ನುತ್ತಾನೆ. ಸ್ವತಃ ಕಂಪೆನಿಯ ಯೂನಿಫಾರಂ ಹಾಕಿಕೊಂಡೇ ಅನ್ನುತ್ತಾನೆ. ಅವನ ಪಟ್ಟಿಯಲ್ಲಿ ಕೊರಿಯನ್ ಬ್ಯಾಂಡಿನ ಪಕ್ಕದಲ್ಲೇ ಹೈದರಾಬಾದಿನ ಚೌರಸ್ತಾ ಬ್ಯಾಂಡು, ಅದರ ಪಕ್ಕ ಚಂದನ್ ಶೆಟ್ಟಿಯ 'ತ್ರೀ ಪೆಗ್'. ಇದೆಲ್ಲಿಂದ ಇಂಡಿ ಆಯ್ತೋ ಅಂದರೆ, "ಸಿನಿಮಾದ್ದಲ್ಲ ತಾನೇ?" ಅಂತ ಬಾಯಿ ಮುಚ್ಚಿಸಿದ. ಲೆಕ್ಕದ ಪ್ರಕಾರ ಅವನೇ ಸರಿ. ನಮ್ಮ ಕಡೆ ಸಿನಿಮಾದ್ದಲ್ಲದ ಹಾಡು ಅಂದರೆ ದೇವರದೋ ಚುನಾವಣೆಯದೋ ಆಗಿರಬೇಕು. ಎರಡೂ ಅಲ್ಲದೆ ಆಟೊದಲ್ಲಿ ಹಾಡು ಕೇಳಿಸುತ್ತಿದೆ ಅಂದರೆ, ಅದಕ್ಕೊಂದು ಹೊಸ ಹೆಸರು ಬೇಕೇ ಬೇಕು. ಅದರಲ್ಲೂ ಹಿಂದೂಪುರ ತೆಲುಗು ನಟ ಬಾಲಯ್ಯನ ಕ್ಷೇತ್ರ. ಅಲ್ಲಿ ಸಿನಿಮಾ, ದೇವರು, ಚುನಾವಣೆ ಮೂರೂ ಒಂದೇ ಸ್ಪೀಕರಿನಲ್ಲಿ ಬರುತ್ತವೆ.

ಈ ವಾದ ಮಡಕಶಿರದ ಕಡೆಯ ಮೇಷ್ಟ್ರ ಕಿವಿಗೆ ಬೀಳಬಾರದಿತ್ತು. ಆಂಧ್ರದ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಎರಡು ಸರ್ಕಾರಗಳೂ ಮರೆತ ಮಕ್ಕಳಿಗೆ ಕಾಗುಣಿತ ಕಲಿಸಿದವರು, ಹಾಗಾಗಿ ಯಾರಿಗೂ ಹೆದರುವುದಿಲ್ಲ. "ಸಿನಿಮಾದ್ದಲ್ಲದ ಹಾಡು ಈಗ ಹುಟ್ತೇನ್ರಯ್ಯಾ?" ಅಂತ ಶುರು ಮಾಡಿದರು. "ಕಾಳಿಂಗರಾಯರು ಯಾವ ಸಿನಿಮಾಕ್ಕೆ ಕಾದಿದ್ರು? 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ಟು ಬಂತು, ಮೈಸೂರು ಅನಂತಸ್ವಾಮಿ ರಾಗ ಹಾಕಿದ್ರು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಅದು. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಮರ ಸುತ್ತೋದಿಲ್ಲ. ಪದ್ಯ ಒಂದೇ. ಜನ ದುಡ್ಡು ಕೊಟ್ಟು ತಗೊಂಡ್ರಪ್ಪಾ, ಪದ್ಯಕ್ಕೆ ದುಡ್ಡು ಕೊಟ್ರು!" ಆಮೇಲೆ ಶಿಶುನಾಳ ಷರೀಫರಿಗೆ ಬಂದರು. ಅಶ್ವತ್ಥರು ಹಾಡಿದ ಷರೀಫರ ಪದವನ್ನು ಅಪ್ಪ ಕ್ಯಾಸೆಟ್ಟಿನಲ್ಲಿ ಕೇಳಿದ, ರಘು ದೀಕ್ಷಿತ್ ಗಿಟಾರಿನಲ್ಲಿ ಹಾಡಿದ್ದನ್ನು ಮಗ ಮೊಬೈಲಿನಲ್ಲಿ ಕೇಳುತ್ತಾನೆ, ಇಬ್ಬರೂ ಒಂದೇ ಮನೆಯಲ್ಲಿದ್ದುಕೊಂಡು ಇನ್ನೊಬ್ಬರದು ಗಲಾಟೆ ಅನ್ನುತ್ತಾರೆ ಎಂಬುದು ಅವರ ದೂರು. ಅದು ಸುಳ್ಳೇನಲ್ಲ.

ಅಲ್ಲಿಗೆ ನಿಲ್ಲಿಸಿದರೆ ಮೇಷ್ಟ್ರು ಹೇಗಾದಾರು? ಕೈವಾರದ ತಾತಯ್ಯನವರನ್ನೂ ಕರೆತಂದರು. ಊರೂರು ತಿರುಗಿ ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿಯಾಗಿ ತೆಲುಗಿನಲ್ಲೂ ಕನ್ನಡದಲ್ಲೂ ತತ್ವಪದ ಕಟ್ಟಿದವರು. ಅವರ ಪದಗಳನ್ನು ಗಡಿಯ ಎರಡೂ ಕಡೆ ಭಜನೆಯವರು ಇಂದಿಗೂ ಹಾಡುತ್ತಾರೆ. "ರೆಕಾರ್ಡಿಂಗ್ ಇಲ್ಲ, ಲೇಬಲ್ ಇಲ್ಲ, ಎರಡು ಭಾಷೆ ಮಿಕ್ಸು. ನಿಮ್ಮ ಇಂಡಿ ಅಂದ್ರೆ ಇದಕ್ಕಿಂತ ಇನ್ನೇನು?" ಅಂದರು. ಬೆಂಗಳೂರಿನವನು ಇದನ್ನು ಕೇಳಿ ಸುಮ್ಮನಿರಲಿಲ್ಲ. ಮುಂದಿನ ಭಾನುವಾರದ ಪಟ್ಟಿಯಲ್ಲಿ ಒಂದು ತತ್ವಪದ ಸೇರಿಸಿ, ಪಕ್ಕದಲ್ಲಿ "ನನ್ನ ಹೊಸ ಶೋಧ" ಅಂತ ಬರೆದಿದ್ದ. ಮೇಷ್ಟ್ರು ಒಂದು ವಾರ ಗುಂಪಿಗೆ ಬರಲಿಲ್ಲ.

ನನ್ನ ತಕರಾರು ಹಾಡಿನ ಮೇಲಲ್ಲ. ಅವನ 43ರಲ್ಲಿ ಒಳ್ಳೆಯವೂ ಇರಬೇಕು, ಇದ್ದೇ ಇರುತ್ತವೆ. ತಕರಾರು ಆ 43ರ ಮೇಲೆ. ಕ್ಯಾಸೆಟ್ಟಿನ ಕಾಲದಲ್ಲಿ ಈ ದೌಲತ್ತು ನಡೆಯುತ್ತಿರಲಿಲ್ಲ. 1963ರಲ್ಲಿ ಫಿಲಿಪ್ಸ್‌ನವರು ಬರ್ಲಿನ್ನಿನ ಮೇಳದಲ್ಲಿ ಮೊದಲು ತೋರಿಸಿದ ಆ ಡಬ್ಬಿಯಲ್ಲಿ ನಮಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಅರವತ್ತು ನಿಮಿಷದ್ದು; ಒಂದು ಬದಿಗೆ ಮೂವತ್ತು. ಹಿಂದೂಪುರಕ್ಕೆ ಹೋಗಿ ಖಾಲಿ ಕ್ಯಾಸೆಟ್ಟು ಕೊಂಡು, ರೆಕಾರ್ಡಿಂಗ್ ಅಂಗಡಿಯವನಿಗೆ ಚೀಟಿ ಕೊಡಬೇಕಿತ್ತು. ಎ ಬದಿಗೆ ತೆಲುಗು, ಬಿ ಬದಿಗೆ ಕನ್ನಡ ಅಂತ ನಮ್ಮಲ್ಲೊಂದು ಒಡಂಬಡಿಕೆ. ಬದಿಗೆ ಆರೋ ಏಳೋ ಹಾಡು ಹಿಡಿಯುತ್ತಿದ್ದವು. ಎಂಟನೆಯದಕ್ಕೆ ಆಸೆಪಟ್ಟರೆ ಪಲ್ಲವಿ ಆಗಿ ಚರಣಕ್ಕೆ ಬರುವಷ್ಟರಲ್ಲಿ ರೀಲು ಮುಗಿದು ಟಕ್ ಅನ್ನುತ್ತಿತ್ತು. ಆ ಟಕ್‌ಗೆ ಹೆದರಿ ಜನ ಹಾಡು ಆರಿಸುತ್ತಿದ್ದರು. ಇದು ಹೋಗಲಿ, ಅದು ಇರಲಿ, ಅವಳಿಗೆ ಅಳುವ ಹಾಡು ಸೇರುವುದಿಲ್ಲ, ಇವನಿಗೆ ಎಸ್.ಪಿ. ಬಾಲು ಇಲ್ಲದಿದ್ದರೆ ಆಗದು. ಚೀಟಿ ಬರೆಯುವುದಕ್ಕೇ ಎರಡು ದಿನ ಹಿಡಿಯುತ್ತಿತ್ತು. ಕೊಡುವವನ ತಲೆಯಲ್ಲಿ ಕೇಳುವ ಒಂದು ಮುಖವಿರುತ್ತಿತ್ತು.

ಹೀಗೆ ಹಾಡು ಇಳಿಸಿಕೊಳ್ಳುವುದು ಕಾನೂನಿಗೆ ಒಪ್ಪುವ ಕೆಲಸವೇನೂ ಆಗಿರಲಿಲ್ಲ. 1981ರಲ್ಲಿ ಬ್ರಿಟನ್ನಿನ ರೆಕಾರ್ಡು ಕಂಪೆನಿಗಳ ಸಂಘ ಕ್ಯಾಸೆಟ್ಟಿಗೇ ತಲೆಬುರುಡೆಯ ರೂಪ ಕೊಟ್ಟು, ಅಡಿಯಲ್ಲಿ ಎರಡು ಮೂಳೆ ಬರೆದು, ಮನೆಯಲ್ಲಿ ರೆಕಾರ್ಡು ಮಾಡಿಕೊಳ್ಳುವವರಿಂದ ಸಂಗೀತ ಸಾಯುತ್ತಿದೆ ಅಂತ ಪ್ರಚಾರ ನಡೆಸಿತು. ಸಂಗೀತ ಸಾಯಲಿಲ್ಲ. ಕ್ಯಾಸೆಟ್ಟು ಸತ್ತಿತು. ಅದೇ ಇಂಗ್ಲೆಂಡಿನಲ್ಲಿ 1995ರಲ್ಲಿ ನಿಕ್ ಹಾರ್ನ್‌ಬಿ ಬರೆದ 'ಹೈ ಫಿಡೆಲಿಟಿ' ಕಾದಂಬರಿಯ ನಾಯಕ, ಒಬ್ಬ ರೆಕಾರ್ಡು ಅಂಗಡಿಯವನು, ಹುಡುಗಿಗೆ ಕ್ಯಾಸೆಟ್ಟು ಮಾಡಿಕೊಡಲು ಯಾವ ಹಾಡಿನ ಹಿಂದೆ ಯಾವುದು ಬರಬೇಕು ಅನ್ನುವುದಕ್ಕೆ ಕಟ್ಟುಕಟ್ಟಳೆ ಇಟ್ಟುಕೊಂಡಿರುತ್ತಾನೆ. ನಮ್ಮ ಹಿಂದೂಪುರದ ಚೀಟಿಯವರಿಗೆ ಅದನ್ನು ಓದಿಸಿದ್ದರೆ ಇದರಲ್ಲಿ ಹೊಸದೇನಿದೆ ಅಂತ ಕೇಳುತ್ತಿದ್ದರು.

ಆಮೇಲೆ ಮೆಮೊರಿ ಕಾರ್ಡು ಬಂತು. ರೀಚಾರ್ಜು ಅಂಗಡಿಗೆ ಹೋಗಿ "ಹಾಡು ತುಂಬ್ಸು" ಅಂದರೆ ಸಾಕು; ಯಾವ ಹಾಡು ಅಂತ ಅವನೂ ಕೇಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ. ಆರಿಸುವ ಚಾಳಿ ತಪ್ಪಿದ್ದು ಅಲ್ಲೇ ಅಂತ ನನ್ನ ಗುಮಾನಿ. 2016ರಲ್ಲಿ ಜಿಯೋ, 2019ರಲ್ಲಿ ಸ್ಪಾಟಿಫೈ ಬಂದ ಮೇಲಂತೂ ಪಟ್ಟಿಗೆ ತಳವೇ ಇಲ್ಲ.

ಈ ಆ್ಯಪುಗಳಿಗೆ ನಮ್ಮ ಕಡೆಯ ಜನ ಅರ್ಥವಾಗುವುದೂ ಕಷ್ಟ. ಪಾವಗಡದ ಗೆಳೆಯನೊಬ್ಬನಿದ್ದಾನೆ, ಇರುವುದು ಕರ್ನಾಟಕದಲ್ಲಿ, ಮನೆಮಾತು ತೆಲುಗು. ಮಡಕಶಿರದ ಮೇಷ್ಟ್ರು ಇರುವುದು ಆಂಧ್ರದಲ್ಲಿ, ಮನೆಮಾತು ಕನ್ನಡ. ಅವನ ಮೊಬೈಲು ಕನ್ನಡ ಹಾಡು ತಂದು ಸುರಿಯುತ್ತದೆ, ಇವರದು ತೆಲುಗು. ಇಬ್ಬರೂ ಮೊಬೈಲು ಅದಲುಬದಲು ಮಾಡಿಕೊಂಡರೆ ಸರಿಹೋಗುತ್ತೆ ಅಂತ ಭಾವ ತೀರ್ಪು ಕೊಟ್ಟ. ಪೆನ್ನೇರಿಗೆ ಈ ತಾಪತ್ರಯವಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಹಿಂದೂಪುರದ ಹತ್ತಿರ ಆಂಧ್ರಕ್ಕೆ ಬರುತ್ತದೆ, ರೊದ್ದಂ ಮುಟ್ಟುತ್ತದೆ, ನಾಗಲಮಡಿಕೆಯಲ್ಲಿ ಮತ್ತೆ ಕರ್ನಾಟಕ, ಪೇರೂರು ಅಣೆಕಟ್ಟಿನ ಹೊತ್ತಿಗೆ ಪುನಃ ಆಂಧ್ರ. ಯಾರೂ ಅದನ್ನು ನಿಲ್ಲಿಸಿ ಭಾಷೆ ಯಾವುದು ಒತ್ತಮ್ಮಾ ಅನ್ನುವುದಿಲ್ಲ. (ನೀರಿದ್ದಾಗಿನ ಮಾತು ಇದು. ಉಳಿದ ತಿಂಗಳು ಮರಳಿನ ಟ್ರ್ಯಾಕ್ಟರಿಗೆ ಮಾತ್ರ ಗಡಿ ಚೆನ್ನಾಗಿ ನೆನಪಿರುತ್ತದೆ.)

ಹಾಗಾದರೆ ಹಾಡು ಹಂಚಲೇಬಾರದೇ ಅಂತ ಕೇಳಬೇಡಿ. ಹಂಚದಿದ್ದರೆ ನನಗೆ ಚೌರಸ್ತಾ ಗೊತ್ತಾಗುತ್ತಿರಲಿಲ್ಲ. ಅಕ್ಕನ ಮಗ ಲಿಂಕು ಕಳಿಸಿದಾಗ ನಾನು ಮುಟ್ಟಿರಲಿಲ್ಲ. ಒಂದು ರಾತ್ರಿ ಶಿಫ್ಟು ಮುಗಿಸಿ ಬರುವಾಗ ಪೆನುಕೊಂಡದಲ್ಲಿ ನನ್ನನ್ನು ಹತ್ತಿಸಿಕೊಂಡ. ಗೆಳೆಯನ ಕಾರು, ಬಾಗಿಲು ಹಾಕಿದೆ, ಇಳಿದು ಹೋಗಲು ದಾರಿಯಿಲ್ಲ. ಒಂದೇ ಹಾಡನ್ನು ಎರಡು ಸಲ ಹಾಕಿದ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಸಲ ಅದು ಹಿಡಿಸಿಬಿಟ್ಟಿತ್ತು. ಬಿಬಿಸಿ ರೇಡಿಯೊದಲ್ಲಿ ಜಾನ್ ಪೀಲ್ ಅಂತ ಒಬ್ಬ ಪುಣ್ಯಾತ್ಮನಿದ್ದ. ಹೆಸರಿಲ್ಲದ ಬ್ಯಾಂಡುಗಳನ್ನು ಹುಡುಕಿ ಹುಡುಕಿ ಹಾಕುತ್ತಿದ್ದ. 1978ರಲ್ಲಿ ಉತ್ತರ ಐರ್ಲೆಂಡಿನ ಅಂಡರ್‌ಟೋನ್ಸ್ ಎಂಬ ಹುಡುಗರ ಹಾಡನ್ನು ಹಾಕಿ, ಮುಗಿದ ಕೂಡಲೇ ಮತ್ತೆ ಅದನ್ನೇ ಹಾಕಿದ. ದೇಶದ ರೇಡಿಯೊದಲ್ಲಿ! ಅವನೂ 43 ಹಾಡಿನ ಪಟ್ಟಿ ಕೊಡಬಹುದಿತ್ತು. ಒಂದನ್ನೇ ಎರಡು ಸಲ ಕೊಟ್ಟ, ಆ ಹುಡುಗರ ಬದುಕೇ ತಿರುಗಿತು.

ಪಟ್ಟಿ ಮಾಡುವವರು ಬೇಕಾದರೆ ಕೋಪಿಸಿಕೊಳ್ಳಲಿ, ಗುಂಪಿಗೆ ಕಳಿಸಿದ ಹಾಡು ಯಾರಿಗೂ ಕಳಿಸಿದ್ದಲ್ಲ. ಅದು "ನಾನು ಇಂಥದ್ದೆಲ್ಲ ಕೇಳ್ತೀನಿ" ಅನ್ನುವ ಫಲಕ, ಅಷ್ಟೇ. ಹೆಬ್ಬೆರಳು ತೋರಿಸಿದವರು ಫಲಕ ನೋಡಿದ್ದಾರೆ, ಹಾಡು ಕೇಳಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ಹಾಡಿದವರಿಗೆ ಆಗುತ್ತದೆ. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡಾದರೂ ಓಡಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. 2024ರಿಂದ ಇನ್ನೊಂದು ನಿಯಮ ಬಂದಿದೆ: ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿಗೆ ಅಲ್ಲಿ ರಾಯಲ್ಟಿಯೇ ಇಲ್ಲ. ಕೋಟಿಗಟ್ಟಲೆ ಕೇಳುವ ಸಿನಿಮಾ ಹಾಡಿಗೆ ಇದರಿಂದ ಏನೂ ಆಗದು. ಪೆಟ್ಟು ಬೀಳುವುದು ಕೋಣೆಯಲ್ಲಿ ಕೂತು ಗಿಟಾರು ಹಿಡಿದು, ಸ್ವಂತ ಖರ್ಚಿನಲ್ಲಿ ಹಾಡು ಮಾಡಿ ಬಿಟ್ಟವನಿಗೆ. ನಮ್ಮ ಭಾವ ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿದನಲ್ಲ, ಆ ಲೋ-ಫೈಯವನಿಗೆ ನಮ್ಮ ಇಡೀ ಬ್ಯಾಚಿನಿಂದ ಸಿಕ್ಕಿದ್ದು ಸೊನ್ನೆ.

ಇದನ್ನು ಗುಂಪಿನಲ್ಲಿ ಬರೆದು ಹಾಕಿದೆ. ಒಂದು ನಿಮಿಷದೊಳಗೆ ಒಂಬತ್ತು ಹೆಬ್ಬೆರಳು ಬಂದವು. ಓದಿದವರು ಯಾರು ಅಂತ ವಿಚಾರಿಸಲು ಹೋಗಿಲ್ಲ. ಮೇಷ್ಟ್ರು ಮಾತ್ರ ಫೋನು ಮಾಡಿ, "ಮೂವತ್ತು ಸೆಕೆಂಡಿಗೆ ಯಾವ ರಾಗ ಗೊತ್ತಾಗುತ್ತಯ್ಯಾ?" ಅಂದರು. ರಾಗ ಗೊತ್ತಾಗುವುದು ಬೇಡ ಮೇಷ್ಟ್ರೇ, ಲೆಕ್ಕ ಹತ್ತಿದರೆ ಸಾಕು ಅಂದೆ.

ಬೆಂಗಳೂರಿನವನೂ ಸ್ವಲ್ಪ ದಾರಿಗೆ ಬಂದಿದ್ದಾನೆ. ಹೋದ ಭಾನುವಾರ ಗುಂಪಿಗೆ ಏನೂ ಬೀಳಲಿಲ್ಲ. ನನಗೊಬ್ಬನಿಗೇ ಆರು ಹಾಡು ಕಳಿಸಿದ್ದ, ಭಾವನಿಗೆ ಬೇರೆ ಆರು. ಭಾವನವುಗಳಲ್ಲಿ ಮಳೆ ಸದ್ದಿನದು ಒಂದೂ ಇರಲಿಲ್ಲ.

ನೀವೂ ಕಳಿಸುವವರಾದರೆ ಆರೋ ಏಳೋ ಸಾಕು, ಒಬ್ಬರ ಹೆಸರಿಗೆ ಕಳಿಸಿ, ಮೂರು ದಿನ ಏನೂ ಕೇಳಬೇಡಿ. ನಿಮಗೆ ಬಂದಿದ್ದರೆ ಹೆಬ್ಬೆರಳು ಆಮೇಲೆ ತೋರಿಸಿ. ಮೊದಲು ಹಾಡು ಹಚ್ಚಿ ಮೂವತ್ತೊಂದು ಸೆಕೆಂಡು ಹಾಗೇ ಬಿಡಿ. ಹಿಡಿಸದಿದ್ದರೆ ಮೂವತ್ತೆರಡಕ್ಕೆ ನಿಲ್ಲಿಸಿ, ಯಾರ ಅಡ್ಡಿಯೂ ಇಲ್ಲ. ಹಿಡಿಸಿತೋ, ಆ ಬ್ಯಾಂಡು ಮುಂದೆ ಬೆಂಗಳೂರಿನಲ್ಲೋ ಅನಂತಪುರದಲ್ಲೋ ಹಾಡುವ ದಿನ ಪಾಸು ಯಾರ ಹತ್ತಿರ ಸಿಗುತ್ತೆ ಅಂತ ಹುಡುಕದೆ ಟಿಕೆಟು ಕೊಂಡು ಹೋಗಿ.